ಗ್ಯಾಲರಿಯ ಗದ್ದಲ ಮೊದಲೋ, ತಂಡದ ಆಟ ಮೊದಲೋ?

ಸಂಪಂಗಿರಾಮನಗರದವ:

ಕಂಠೀರವ ಕ್ರೀಡಾಂಗಣದಲ್ಲಿ ನಮ್ಮೂರ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಆಡಿದ ಎರಡು ಪಂದ್ಯಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳುತ್ತಿದ್ದೇನೆ. ಮೊದಲನೆಯದು 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೋಹೊರ್ ದಾರುಲ್ ತಾಝಿಮ್ ವಿರುದ್ಧ ನಡೆದ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಲೆಗ್, ಅಂದರೆ ಎರಡು ಪಂದ್ಯಗಳಲ್ಲಿ ಎರಡನೆಯದು. ಮೊದಲ ಲೆಗ್ 1-1ರಲ್ಲಿ ಸಮವಾಗಿತ್ತು. ಇಲ್ಲಿ ಹನ್ನೊಂದನೆಯ ನಿಮಿಷದಲ್ಲೇ ಎದುರಾಳಿಗಳು ಗೋಲು ಹೊಡೆದರು. ನಾನು ಕುಳಿತಿದ್ದ ಪೂರ್ವದ ಗ್ಯಾಲರಿ ಒಮ್ಮೆಲೇ ತಣ್ಣಗಾಯಿತು. ಪಕ್ಕದಲ್ಲಿದ್ದವರೊಬ್ಬರು ಅರ್ಧ ತಿಂದಿದ್ದ ಕಡಲೆಕಾಯಿ ಪೊಟ್ಟಣವನ್ನು ಮಡಚಿ ಜೇಬಿಗಿಟ್ಟುಕೊಂಡರು. ಕಟ್ಟಾ ಅಭಿಮಾನಿಗಳು ಸೇರುವ ಎದುರಿನ ವೆಸ್ಟ್ ಬ್ಲಾಕ್ ಮಾತ್ರ, ಏನೂ ಆಗಿಯೇ ಇಲ್ಲವೆಂಬಂತೆ, ಡ್ರಮ್ಮಿನ ಅದೇ ಲಯಕ್ಕೆ ಹಾಡುತ್ತಲೇ ಇತ್ತು. 41ನೆಯ ನಿಮಿಷದಲ್ಲಿ ನಮ್ಮ ನಾಯಕ ಸುನಿಲ್ ಛೆಟ್ರಿ ಸಮ ಮಾಡಿದರು, ವಿರಾಮದ ನಂತರ ಅವರದೇ ಇನ್ನೊಂದು ಗೋಲು ಬಂತು, ಆಮೇಲೆ ಹುವಾನನ್ ಅವರದು. ಪಂದ್ಯ 3-1ರಲ್ಲಿ ಮುಗಿಯಿತು. ಭಾರತದ ತಂಡವೊಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು.

ಎರಡನೆಯದು 2018ರ ಮಾರ್ಚ್ 17ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ಅದೇ ಅಂಗಳ, ಅದೇ ವೆಸ್ಟ್ ಬ್ಲಾಕ್, ಇನ್ನೂ ಹೆಚ್ಚಿನ ಜನ. ಒಂಬತ್ತನೆಯ ನಿಮಿಷದಲ್ಲೇ ಛೆಟ್ರಿ ಗೋಲು ಹೊಡೆದಿದ್ದರಿಂದ ಗದ್ದಲಕ್ಕೆ ಬೇಕಾದ ಕಾರಣವೂ ಸಿಕ್ಕಿತ್ತು. ಆದರೂ ಚೆನ್ನೈಯಿನ್ ತಂಡ 3-2ರಿಂದ ಗೆದ್ದಿತು, ಅದರಲ್ಲಿ ಎರಡು ಗೋಲುಗಳು ಕಾರ್ನರ್‌ನಿಂದ ಬಂದ ಚೆಂಡನ್ನು ಮೈಲ್ಸನ್ ಆಲ್ವೆಸ್ ತಲೆಯಿಂದ ಹೊಡೆದದ್ದು.

ಪ್ರೇಕ್ಷಕರ ಬೆಂಬಲದಿಂದಲೇ ತಂಡ ಗೆಲ್ಲುತ್ತದೆ ಎಂಬ ಮಾತನ್ನು ನಾವು ಗೆದ್ದ ರಾತ್ರಿಗಳಲ್ಲಷ್ಟೇ ಹೇಳುತ್ತೇವೆಯೇ? ಗದ್ದಲ ಆಟವನ್ನು ನಿಜವಾಗಿಯೂ ಬದಲಿಸುತ್ತದೆಯೇ, ಅಥವಾ ಆಟ ಚೆನ್ನಾಗಿದ್ದಾಗ ಗದ್ದಲವಾಗುವುದನ್ನೇ ನಾವು ಹಿಂದುಮುಂದಾಗಿ ಓದುತ್ತಿದ್ದೇವೆಯೇ? ಆಡಿದ ಅನುಭವವಿರುವವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಹಳೆಯ ಸ್ಟಾಪರ್:

ಬೆಂಗಳೂರಿನ ಲೀಗ್‌ನಲ್ಲಿ ಕೆಲವು ವರ್ಷ ಸ್ಟಾಪರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಆಗಿ ಆಡಿದವನು ನಾನು. ನೀವು ಹೇಳಿದ ಮಟ್ಟದ ಜನಸಂದಣಿಯ ಮುಂದೆ ಆಡಿದವನಲ್ಲ, ಆದರೆ ಕಟ್ಟೆ ತುಂಬಿದ ನಾಕೌಟ್ ಪಂದ್ಯಗಳನ್ನು ಆಡಿದ್ದೇನೆ. ಮೈದಾನದೊಳಗಿರುವವನಿಗೆ ಹಾಡು ಕೇಳಿಸುವುದಿಲ್ಲ, ಅದು ಮಳೆಯ ಸದ್ದಿನಂತೆ ಹಿಂದೆಲ್ಲೋ ಇರುತ್ತದೆ. ಕೇಳಿಸುವುದು ಹಾಡು ಮುರಿದಾಗ. ನಿಮ್ಮ ಪಾಸ್ ತಪ್ಪಿದಾಗ ಸಾವಿರಾರು ಜನ ಒಟ್ಟಿಗೆ ಹೊರಡಿಸುವ 'ಅಯ್ಯೋ' ಇದೆಯಲ್ಲ, ಅದು ಮಾತ್ರ ನೇರವಾಗಿ ಬೆನ್ನಿಗೆ ಬಂದು ತಾಗುತ್ತದೆ. ಅಂಥ ಎರಡು ಉದ್ಗಾರಗಳಾದ ಮೇಲೆ ಮೂರನೆಯ ಸಲ ಚೆಂಡು ಕಾಲಿಗೆ ಬಂದಾಗ, ಮುಂದೆ ಜಾಗವಿದ್ದರೂ, ನೀವು ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಡುತ್ತೀರಿ. ಆಟ ಹಿಂದೆ ಸರಿಯುತ್ತದೆ, ಅದನ್ನು ಕಂಡು ಜನ ಇನ್ನಷ್ಟು ಗೊಣಗುತ್ತಾರೆ. ತಂಡ ಮತ್ತು ಗ್ಯಾಲರಿ ಪರಸ್ಪರ ಕೆಡಿಸಿಕೊಳ್ಳುವ ಬಗೆ ಇದು.

ಇನ್ನೊಂದು ಸಂಗತಿಯನ್ನು ನೋಡುವವರು ಸಾಮಾನ್ಯವಾಗಿ ಊಹಿಸುವುದಿಲ್ಲ. ಒಮ್ಮೆ ನಮ್ಮ ಬೆಂಬಲಿಗರೇ ತುಂಬಿದ್ದ ಮೈದಾನದಲ್ಲಿ ಎದುರಾಳಿಗಳ ಕಾರ್ನರ್ ಗಾಳಿಯಲ್ಲಿ ಬರುತ್ತಿತ್ತು. ನಮ್ಮ ಕೀಪರ್ 'ಕೀಪರ್' (ಚೆಂಡು ನನ್ನದು, ಬಿಡು) ಎಂದು ಕೂಗಿದ್ದಾನೆ, ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಇಬ್ಬರೂ ಹಾರಿದೆವು, ಅವನ ಮುಷ್ಟಿ ನನ್ನ ಕಿವಿಗೆ ಬಡಿಯಿತು, ಚೆಂಡು ಇಬ್ಬರ ನಡುವೆ ಬಿದ್ದು ಗೋಲಾಯಿತು. ತವರಿನ ಗದ್ದಲ ತವರಿನ ಡಿಫೆನ್ಸನ್ನೂ ಅಷ್ಟೇ ಕಿವುಡಾಗಿಸುತ್ತದೆ. 2018ರ ಫೈನಲ್‌ನ ಆ ಎರಡು ಗೋಲುಗಳಿಗೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಕಾರ್ನರ್ ಹೊತ್ತಿನಲ್ಲಿ ಗದ್ದಲ ಯಾರ ಪರ ಎಂಬುದು ಟಿಕೆಟ್ ಕೊಂಡವರ ಇಷ್ಟದಂತೆ ನಡೆಯುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕಡಲೆಕಾಯಿಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಪೂರ್ವದ ಗ್ಯಾಲರಿ ಸ್ಕೋರನ್ನು ಹಿಂಬಾಲಿಸಿತು, ವೆಸ್ಟ್ ಬ್ಲಾಕ್ ಹಿಂಬಾಲಿಸಲಿಲ್ಲ. ಸ್ಕೋರನ್ನು ಹಿಂಬಾಲಿಸುವ ಜನ ಈಗಾಗಲೇ ಆಗುತ್ತಿರುವುದನ್ನು ದೊಡ್ಡದು ಮಾಡುತ್ತಾರೆ ಅಷ್ಟೇ: ಗೆಲ್ಲುವವನಿಗೆ ರೆಕ್ಕೆ, ಎಡವಿದವನಿಗೆ ಇನ್ನೊಂದು ಕಲ್ಲು. ಇದಕ್ಕೆ 1950ರ ಜುಲೈ 16ರಂದು ರಿಯೊದ ಮಾರಕಾನಾ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್‌ನ ನಿರ್ಣಾಯಕ ಪಂದ್ಯಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಉರುಗ್ವೆ ವಿರುದ್ಧ ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಗೋಲು ಹೊಡೆದು ಮುಂದಿದ್ದವರೂ ಅವರೇ. 66ನೆಯ ನಿಮಿಷದಲ್ಲಿ ಉರುಗ್ವೆಯ ಸ್ಕಿಯಾಫಿನೊ 1-1 ಮಾಡಿದಾಗಲೂ ವಿಶ್ವಕಪ್ ಬ್ರೆಜಿಲ್‌ನದೇ ಆಗಿತ್ತು. ಆದರೆ ಸುಮಾರು ಎರಡು ಲಕ್ಷ ಜನರ ಆ ಕ್ರೀಡಾಂಗಣ ಅಷ್ಟಕ್ಕೇ ಮೌನವಾಯಿತು. ಹದಿಮೂರು ನಿಮಿಷ ಕಳೆಯುವಷ್ಟರಲ್ಲಿ ಗಿಗ್ಗಿಯಾ ಎರಡನೆಯ ಗೋಲು ಹೊಡೆದರು. ಗೆಲ್ಲುತ್ತಿದ್ದ ತಂಡಕ್ಕೆ ಸೋಲಿನ ಸುದ್ದಿಯನ್ನು ಅದರದೇ ಜನ ಮುಂಚಿತವಾಗಿ ಮುಟ್ಟಿಸಿದಂತಾಗಿತ್ತು.

ಸೀಟಿ ಹಿಡಿದವನು:

ಸ್ಟಾಪರ್ ಅವರ ಮಾತನ್ನು ಒಪ್ಪುತ್ತಲೇ ಒಂದು ಕೊರತೆಯನ್ನು ತುಂಬಲು ಬಯಸುತ್ತೇನೆ. ಇಷ್ಟು ಹೊತ್ತಿನ ಚರ್ಚೆಯಲ್ಲಿ ಮೈದಾನದಲ್ಲಿದ್ದ ಇಪ್ಪತ್ಮೂರನೆಯ ಮನುಷ್ಯನನ್ನು ಯಾರೂ ನೆನೆಯಲಿಲ್ಲ. ನಾನು ಜಿಲ್ಲಾ ಮಟ್ಟದಲ್ಲಿ ರೆಫರಿಯಾಗಿ ಕೆಲಸ ಮಾಡಿದ್ದೇನೆ. ಗದ್ದಲ ಆಟಗಾರನ ಕಾಲಿಗಿಂತ ಮೊದಲು ರೆಫರಿಯ ಕಿವಿಯನ್ನು ಮುಟ್ಟುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ಯಾಕಲ್ ಒಂದರ ಹೊತ್ತಿಗೆ ಅಡ್ಡ ಬಂದ ಆಟಗಾರನಿಂದಾಗಿ ಕಣ್ಣಿಗೆ ಅರ್ಧ ಚಿತ್ರವಷ್ಟೇ ಸಿಕ್ಕಿರುತ್ತದೆ, ಉಳಿದರ್ಧವನ್ನು ತುಂಬಿಕೊಡಲು ಸಾವಿರ ಗಂಟಲುಗಳು ಸಿದ್ಧವಾಗಿರುತ್ತವೆ. ರೆಫರಿ ಹೆದರುತ್ತಾನೆ ಎಂದಲ್ಲ, ಆ ಸದ್ದನ್ನೂ ಅವನ ಮನಸ್ಸು ಒಂದು ಸಾಕ್ಷಿಯೆಂದು ಲೆಕ್ಕ ಹಿಡಿದುಬಿಡುತ್ತದೆ.

ಇದನ್ನು ಇಂಗ್ಲೆಂಡಿನ ಸಂಶೋಧಕರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಲಿವರ್‌ಪೂಲ್ ಮತ್ತು ಲೆಸ್ಟರ್ ನಡುವಿನ ಪಂದ್ಯವೊಂದರ ತುಣುಕುಗಳನ್ನು ನಲವತ್ತು ರೆಫರಿಗಳಿಗೆ ತೋರಿಸಲಾಯಿತು. ಕೆಲವರಿಗೆ ಗ್ಯಾಲರಿಯ ಸದ್ದಿನೊಂದಿಗೆ, ಉಳಿದವರಿಗೆ ನಿಶ್ಶಬ್ದವಾಗಿ. ಸದ್ದು ಕೇಳಿಸಿಕೊಂಡವರು ತವರು ತಂಡದ ವಿರುದ್ಧ ಸುಮಾರು ಶೇ 15ರಷ್ಟು ಕಡಿಮೆ ಫೌಲ್ ಕೊಟ್ಟರು. ಗಮನಿಸಬೇಕಾದದ್ದೆಂದರೆ, ಅತಿಥಿ ತಂಡವನ್ನು ಅವರು ಹೆಚ್ಚಾಗಿ ಶಿಕ್ಷಿಸಲಿಲ್ಲ, ತವರಿನವರನ್ನು ಶಿಕ್ಷಿಸಲು ಹಿಂಜರಿದರು. ಸ್ಪೇನ್‌ನ ಲೀಗ್ ಕುರಿತ ಇನ್ನೊಂದು ಅಧ್ಯಯನದಲ್ಲಿ, ತವರು ತಂಡ ಒಂದು ಗೋಲಿನಿಂದ ಹಿಂದಿದ್ದಾಗ ಇಂಜುರಿ ಟೈಮ್ (ನಿಂತ ಆಟಕ್ಕಾಗಿ ರೆಫರಿ ಕೊನೆಯಲ್ಲಿ ಸೇರಿಸುವ ಸಮಯ) ಉದ್ದವಾಗುವುದೂ, ಒಂದು ಗೋಲಿನಿಂದ ಮುಂದಿದ್ದಾಗ ಚಿಕ್ಕದಾಗುವುದೂ ಕಂಡುಬಂತು. ನನಗೆ ಇದನ್ನು ಓದಿ ಆಶ್ಚರ್ಯವಾಗಲಿಲ್ಲ, ಸ್ವಲ್ಪ ನಾಚಿಕೆಯಾಯಿತು.

ಕೋವಿಡ್ ಕಾಲದಲ್ಲಿ ಇದಕ್ಕೆ ಪ್ರಯೋಗಶಾಲೆಯೇ ಸಿಕ್ಕಿತು. 2020ರ ಮೇ 16ರಂದು ಜರ್ಮನಿಯ ಬುಂಡೆಸ್‌ಲಿಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಆರಂಭವಾದ ಮೇಲೆ ತವರು ತಂಡಗಳ ಗೆಲುವಿನ ಪ್ರಮಾಣ ಸ್ಪಷ್ಟವಾಗಿ ಕುಸಿಯಿತು, ಕಾರ್ಡ್‌ಗಳಲ್ಲಿ ಅವರಿಗಿದ್ದ ರಿಯಾಯಿತಿಯೂ ಕರಗಿತು. ಬಹುಪಾಲು ಪಂದ್ಯಗಳು ಜನರಿಲ್ಲದೆಯೇ ನಡೆದ 2020-21ರ ಪ್ರೀಮಿಯರ್ ಲೀಗ್‌ನಲ್ಲಿ ತವರು ತಂಡಗಳು 144 ಪಂದ್ಯ ಗೆದ್ದರೆ, ಅತಿಥಿ ತಂಡಗಳು 153 ಗೆದ್ದವು. ಇಂಗ್ಲೆಂಡಿನ ಅಗ್ರ ಲೀಗ್‌ನ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಹುಲ್ಲು ಅದೇ, ಡ್ರೆಸಿಂಗ್ ರೂಮ್ ಅದೇ, ಅತಿಥಿಗಳ ಪ್ರಯಾಣವೂ ಅದೇ; ಇಲ್ಲದೇ ಹೋದದ್ದು ಜನ.

ಧಾರವಾಡದ ಪ್ರೇಕ್ಷಕಿ:

ಸೀಟಿ ಹಿಡಿದವರೇ, ಒಂದು ಲೀಗ್‌ನ ಒಟ್ಟು ಲೆಕ್ಕವನ್ನು ಒಂದೊಂದು ತಂಡದ ಕಥೆಗೆ ಇಳಿಸುವಾಗ ಎಚ್ಚರ ಬೇಕು. ತನ್ನ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ 68 ಲೀಗ್ ಪಂದ್ಯಗಳಲ್ಲಿ ಸೋಲದಿದ್ದ ಲಿವರ್‌ಪೂಲ್, 2021ರ ಜನವರಿ 21ರಂದು ಬರ್ನ್‌ಲಿಗೆ ಸೋತು, ಅಲ್ಲಿಂದ ತವರಿನಲ್ಲಿ ಸಾಲಾಗಿ ಆರು ಲೀಗ್ ಪಂದ್ಯಗಳನ್ನು ಕಳೆದುಕೊಂಡಿತು. ಜನರಿಲ್ಲದ್ದೇ ಕಾರಣ ಎಂದು ಆಗ ಎಲ್ಲರೂ ಹೇಳಿದರು. ಆದರೆ ಡಿಫೆಂಡರ್‌ಗಳಲ್ಲಿ ವಾನ್ ಡೈಕ್ ಅಕ್ಟೋಬರ್‌ನಿಂದಲೇ ಗಾಯಗೊಂಡು ಹೊರಗಿದ್ದರು, ಗೊಮೆಜ್ ಕೂಡ ಇರಲಿಲ್ಲ, ಜನವರಿ ಕೊನೆಯಿಂದ ಮಾಟಿಪ್ ಕೂಡ ಇರಲಿಲ್ಲ. ನಮ್ಮಲ್ಲೂ ಹಾಗೆಯೇ. 2020-21ರ ಐಎಸ್‌ಎಲ್ ಪೂರ್ತಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆದಾಗ ಬೆಂಗಳೂರು ಏಳನೆಯ ಸ್ಥಾನಕ್ಕೆ ಇಳಿಯಿತು, ಕೇರಳ ಬ್ಲಾಸ್ಟರ್ಸ್ ಹತ್ತನೆಯದಾಯಿತು. ದೊಡ್ಡ ಗ್ಯಾಲರಿಗಳಿರುವ ತಂಡಗಳು ಬಡವಾದವು ಎಂದು ನಾವು ಬರೆದುಕೊಂಡೆವು. ಮರುವರ್ಷವೂ ಟೂರ್ನಿ ಗೋವಾದಲ್ಲೇ ನಡೆಯಿತು, ಅದೇ ಬ್ಲಾಸ್ಟರ್ಸ್ ಫೈನಲ್ ತಲುಪಿತು.

ಛೆಟ್ರಿಯವರ 2018ರ ವಿಡಿಯೊ ಎಲ್ಲರಿಗೂ ನೆನಪಿರಬಹುದು. ಜೂನ್ 1ರಂದು ಮುಂಬೈನಲ್ಲಿ ಭಾರತ ಚೈನೀಸ್ ತೈಪೆ ತಂಡವನ್ನು 5-0ಯಿಂದ ಸೋಲಿಸಿತು, ಛೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಿದವರು 2,569 ಜನ. ಮರುದಿನ ಅವರು 'ಬೈಯಲಾದರೂ ಬನ್ನಿ' ಎಂಬರ್ಥದಲ್ಲಿ ಬೇಡಿಕೊಂಡರು. ಜೂನ್ 4ರ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಖಾಲಿಯಾದವು, ಸುರಿವ ಮಳೆಯಲ್ಲಿ ಜನ ತುಂಬಿದ್ದರು, ಕೆನ್ಯಾ ವಿರುದ್ಧ 3-0 ಗೆಲುವು ಬಂತು. ಎದುರಾಳಿಗಳು ಬೇರೆಯಾದ್ದರಿಂದ ಗೋಲುಗಳನ್ನು ಹೋಲಿಸಿ ಪ್ರಯೋಜನವಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ: ಐದು ಗೋಲುಗಳು ಜನರನ್ನು ಕರೆತರಲಿಲ್ಲ, ಒಂದು ಬೇಡಿಕೆ ಕರೆತಂದಿತು. ಒಳ್ಳೆಯ ಆಟವಿದ್ದರೆ ಜನ ತಾನಾಗಿ ಬರುತ್ತಾರೆ ಎಂಬ ಮಾತು ಅಷ್ಟು ಸರಳವಲ್ಲ.

ಸ್ಟಾಪರ್ ಅವರಿಗೂ ಒಂದು ತಕರಾರಿದೆ. ಸ್ಕೋರನ್ನು ಹಿಂಬಾಲಿಸದ ಜನ ಎಂದರೆ ಮೊದಲು ನೆನಪಾಗುವುದು ಜರ್ಮನಿಯ ಡಾರ್ಟ್‌ಮುಂಡ್‌ನ ದಕ್ಷಿಣ ಗ್ಯಾಲರಿ, ಸುಮಾರು 25,000 ಜನ ನಿಂತೇ ನೋಡುವ ಹಳದಿ ಗೋಡೆ. 2015ರ ಫೆಬ್ರುವರಿ 4ರಂದು ಆಗ್ಸ್‌ಬರ್ಗ್‌ಗೆ 0-1ರಿಂದ ಸೋತು ತಂಡ ಪಟ್ಟಿಯ ತಳದಲ್ಲಿದ್ದಾಗ ಆ ಗೋಡೆಯೂ ಕೂಗಾಡಿತು. ಆಟಗಾರರಾದ ವೈಡನ್‌ಫೆಲರ್ ಮತ್ತು ಹುಮೆಲ್ಸ್ ಬೇಲಿಯ ಬಳಿ ಹೋಗಿ ಅಭಿಮಾನಿಗಳೊಂದಿಗೆ ಮಾತನಾಡಬೇಕಾಯಿತು. ಅದಾದ ಮೇಲೆ ತಂಡ ಸತತವಾಗಿ ನಾಲ್ಕು ಲೀಗ್ ಪಂದ್ಯಗಳನ್ನು ಗೆದ್ದಿತು, ಅವುಗಳಲ್ಲಿ ಎರಡು ಹೊರಗಿನ ಊರಿನಲ್ಲಿ. ಬೈಗುಳವೂ ಬೆಂಬಲದ ಒಂದು ರೂಪವಾಗಬಹುದು ಎಂದು ಇದನ್ನು ಓದಬಹುದೇನೋ. ಛೆಟ್ರಿಯವರು ಕೇಳಿದ್ದೂ ಅದನ್ನೇ ತಾನೆ?

ಹಳೆಯ ಸ್ಟಾಪರ್:

ಮೇಡಂ, ಒಪ್ಪಿದೆ, ಆದರೆ ಅರ್ಧ. ಪಂದ್ಯ ಮುಗಿದ ಮೇಲೆ ಬೇಲಿಯ ಬಳಿ ಬೈಸಿಕೊಳ್ಳುವುದಕ್ಕೂ, ಅರುವತ್ತನೆಯ ನಿಮಿಷದಲ್ಲಿ ಚೆಂಡು ಕಾಲಲ್ಲಿರುವಾಗ ಬೈಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಮನೆಗೆ ಒಯ್ದು ಯೋಚಿಸಬಹುದು, ಎರಡನೆಯದಕ್ಕೆ ಉತ್ತರ ಕೊಡಲು ಅರ್ಧ ಸೆಕೆಂಡು ಸಮಯವಿರುತ್ತದೆ.

ಸಂಪಂಗಿರಾಮನಗರದವ:

ಎಲ್ಲರಿಗೂ ಧನ್ಯವಾದಗಳು. ನಾನು ಗದ್ದಲದ ಪ್ರಮಾಣವನ್ನಷ್ಟೇ ಅಳೆಯುತ್ತಿದ್ದೆ, ಅದು ಯಾವ ಕ್ಷಣದಲ್ಲಿ, ಯಾರ ಕಿವಿಗೆ ಬೀಳುತ್ತದೆ ಎಂದು ಯೋಚಿಸಿರಲಿಲ್ಲ. 2018ರ ಫೈನಲ್‌ನ ಕೊನೆಯನ್ನು ಈಗ ಮತ್ತೆ ನೆನಪಿಸಿಕೊಳ್ಳುತ್ತಿದ್ದೇನೆ. ಸ್ಕೋರು 3-1 ಆದ ಮೇಲೆ ನಮ್ಮ ಪೂರ್ವದ ಗ್ಯಾಲರಿಯಲ್ಲಿ ಜನ ಬೈಕಿನ ಕೀಲಿ ಕೈಗೆತ್ತಿಕೊಂಡು ಮೆಟ್ಟಿಲಿಳಿಯತೊಡಗಿದ್ದರು. ಇಂಜುರಿ ಟೈಮ್‌ನಲ್ಲಿ ಮೀಕು ನಮ್ಮ ಎರಡನೆಯ ಗೋಲು ಹೊಡೆದಾಗ, ಇಳಿಯುತ್ತಿದ್ದವರು ಮೆಟ್ಟಿಲ ಮೇಲೆಯೇ ತಿರುಗಿ ನಿಂತು ಕಿರುಚಿದರು. ಉಳಿದಿದ್ದ ಆ ಸ್ವಲ್ಪ ಹೊತ್ತು ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ವೆಸ್ಟ್ ಬ್ಲಾಕ್‌ನ ಡ್ರಮ್ಮು ಆಗಲೂ ಹಳೆಯ ಲಯದಲ್ಲೇ ಇತ್ತು, ನಮ್ಮ ಕಿರುಚಾಟಕ್ಕೆ ಮಾತ್ರ ಯಾವ ಲಯವೂ ಇರಲಿಲ್ಲ.