ಹಳೇ ಆಂಪ್ಲಿಫೈಯರ್‌ಗೆ ಹತ್ತು ಸಾವಿರದೊಳಗೆ ಯಾವ ಡ್ಯಾಕ್ ತಗೊಳ್ಳಲಿ?

ತುಂಗಾತೀರ:
ನಮಸ್ಕಾರ. ನಾನು ಶಿವಮೊಗ್ಗದವನು. ಅಪ್ಪ ಕೊಂಡಿದ್ದ ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಎರಡು ಬುಕ್‌ಶೆಲ್ಫ್ ಸ್ಪೀಕರ್ ಇನ್ನೂ ಗಟ್ಟಿಯಾಗಿವೆ. ಆಂಪ್ ಹಿಂದೆ ಇರುವುದು ಬರೀ ಕೆಂಪು-ಬಿಳಿ ಆರ್‌ಸಿಎ ತೂತುಗಳು: ಫೋನೊ, ಟ್ಯೂನರ್, ಆಕ್ಸ್, ಟೇಪ್. ಡಿಜಿಟಲ್ ಅಂತ ಏನೂ ಇಲ್ಲ. ಅದಕ್ಕೇ ಡ್ಯಾಕ್, ಅಂದರೆ ಡಿಜಿಟಲ್ ಸಿಗ್ನಲನ್ನು ಇಂಥ ಆಂಪ್‌ಗೆ ಹಿಡಿಸುವ ಅನಲಾಗ್ ಸಿಗ್ನಲ್ ಮಾಡಿ ಕೊಡುವ ಡಬ್ಬಿ, ಹುಡುಕುತ್ತಿದ್ದೇನೆ.

ಈಗ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಆಕ್ಸ್‌ಗೆ, ಟಿವಿಯ ಹೆಡ್‌ಫೋನ್ ತೂತಿನಿಂದ ಟೇಪ್‌ಗೆ ವೈರ್ ಎಳೆದಿದ್ದೇನೆ. ಹಾಡೇನೋ ಬರುತ್ತದೆ. ಹಿಂದೆಯೇ ಗುಂಯ್ ಅನ್ನುವ ಸದ್ದೂ ಬರುತ್ತದೆ. ಚಾರ್ಜರ್ ಹಾಕಿದರೆ ಅದು ಜಾಸ್ತಿ. ಮೌಸ್ ಅಲ್ಲಾಡಿಸಿದರೆ ಚಿರ್ ಚಿರ್ ಅನ್ನುವುದು ಬೇರೆ. ಸಿನಿಮಾ ಹಾಡಿನಲ್ಲಿ ಗೊತ್ತಾಗಲ್ಲ, ಆದರೆ ಮನ್ಸೂರರು ಆಲಾಪ ಶುರು ಮಾಡಿದಾಗ ತಂಬೂರಿಗಿಂತ ಇದೇ ಮೊದಲು ಕೇಳಿಸುತ್ತದೆ!

ನಾನು ಕೇಳುವುದು ಸಿಡಿಯಿಂದ ಗುಣಮಟ್ಟ ಕೆಡದ ಹಾಗೆ ಇಳಿಸಿಕೊಂಡ ಫ್ಲ್ಯಾಕ್ ಫೈಲುಗಳು, ಆಮೇಲೆ ಯೂಟ್ಯೂಬ್. ಟಿವಿಯಲ್ಲಿ ಆಪ್ಟಿಕಲ್ ಔಟ್ ಇದೆ, ಹಳೇ ಡಿವಿಡಿ ಪ್ಲೇಯರ್‌ನಲ್ಲಿ ಕೋಆಕ್ಸಿಯಲ್ ಔಟ್ ಇದೆ, ಎರಡೂ ಡಿಜಿಟಲ್. ಬಜೆಟ್ ಹತ್ತು ಸಾವಿರ. ಯಾವುದು ತಗೊಳ್ಳಲಿ?

ಸೇಬರ್‌ಪ್ರಿಯ:
ಬೇರೆ ಏನೂ ನೋಡಬೇಡಿ ಗುರುಗಳೇ, ಇಎಸ್‌ಎಸ್ ಕಂಪನಿಯ ಸೇಬರ್ ಚಿಪ್ ಇರುವುದನ್ನೇ ತಗೊಳ್ಳಿ. ಇನ್ನೊಂದು ಕಂಪನಿ ಎಕೆಎಂನ ಚಿಪ್ಪಿನ ಸದ್ದು ಸ್ವಲ್ಪ ಮೆದು. 32 ಬಿಟ್, 768 ಕಿಲೋಹರ್ಟ್ಸ್ ಇದ್ದರೆ ಮುಂದೆಯೂ ಚಿಂತೆ ಇಲ್ಲ.

ರಿಪೇರಿ_ಮಾಮ, ಮೈಸೂರು:
ಸೇಬರ್‌ಪ್ರಿಯ ಅವರೇ, ಬೇಜಾರಾಗಬೇಡಿ, ನಾನು ಇದನ್ನು ಒಪ್ಪಲ್ಲ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ಸದ್ದು ಮೇಲು ಅಂತಲ್ಲ, ಚಿಪ್ ಸಿಗದೆ ಎಷ್ಟೋ ಕಂಪನಿಗಳು ಇಎಸ್‌ಎಸ್ ಕಡೆ ಹೊರಳಿದವು. ಎರಡು ಥರದ್ದೂ ನನ್ನ ಮೇಜಿನ ಮೇಲೆ ಬಂದಿವೆ. ಮೀಟರ್ ಇಟ್ಟು ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದರೆ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಸಿಡಿ ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ; ಕಿವಿಗೆ ಕೇಳುವುದೆಲ್ಲ ಅಷ್ಟರಲ್ಲೇ ಹಿಡಿಯುತ್ತದೆ. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಸ್, ಅದೂ ಹುಡುಗರಿಗೆ. 768 ಅನ್ನುವುದು ಡಬ್ಬಿಯ ಮೇಲೆ ಅಚ್ಚು ಹಾಕಲಿಕ್ಕೆ ಚೆಂದ, ಅಷ್ಟೇ.

ತುಂಗಾತೀರ ಅವರೇ, ನಿಮ್ಮದು ಚಿಪ್ಪಿನ ಪ್ರಶ್ನೆಯೇ ಅಲ್ಲ. ಅಲ್ಲಿ ಎರಡು ಕಾಯಿಲೆ ಇವೆ. ಮೌಸ್ ಜೊತೆ ಬರುವ ಚಿರ್ ಚಿರ್ ಲ್ಯಾಪ್‌ಟಾಪಿನ ಒಳಗಿನ ಗಲಾಟೆ. ಹೊರಗೆ ಒಂದು ಡ್ಯಾಕ್ ಇಟ್ಟರೆ ಅದು ಬಹುತೇಕ ಹೋಗುತ್ತದೆ. ಗುಂಯ್ ಅನ್ನುವುದು ಗ್ರೌಂಡ್ ಲೂಪ್ ಇರಬೇಕು. ಲ್ಯಾಪ್‌ಟಾಪ್ ಚಾರ್ಜರಿನ ಮೂರನೇ ಪಿನ್ನಿನಿಂದ ಒಂದು ಅರ್ಥಿಂಗ್, ಟಿವಿಗೆ ಬರುವ ಕೇಬಲ್ ವೈರಿನಿಂದ ಇನ್ನೊಂದು, ಎರಡೂ ನಿಮ್ಮ ಆಂಪ್ ಒಳಗೆ ಸೇರುತ್ತಿವೆ. ಡ್ಯಾಕ್‌ಗೆ ಯುಎಸ್‌ಬಿ ಕೊಟ್ಟರೂ ಈ ಗ್ರೌಂಡ್ ವೈರ್ ಒಳಗೆ ಬಂದೇ ಬರುತ್ತದೆ. ಐವತ್ತು ಸಾವಿರದ ಡ್ಯಾಕ್ ತಂದರೂ ಗುಂಯ್ ಉಳಿಯಬಹುದು.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಟಿವಿಯ ಕೇಬಲ್ ವೈರ್ ಬಿಚ್ಚಿ ನೋಡಿ. ಚಾರ್ಜರಿನ ಅರ್ಥ್ ಪಿನ್ ಮಾತ್ರ ಕತ್ತರಿಸಬೇಡಿ ಮಾರಾಯರೇ, ಹಾಗೆ ಮಾಡಿದವರನ್ನೂ ನೋಡಿದ್ದೇನೆ. ಸದ್ದು ಹೋಗುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ.

ವೈರ್ ಬಿಚ್ಚಿದಾಗ ಗುಂಯ್ ನಿಂತರೆ ಟಿವಿಯನ್ನು ಆಪ್ಟಿಕಲ್‌ನಲ್ಲಿ ಜೋಡಿಸಿ. ಅದರಲ್ಲಿ ಹೋಗುವುದು ಬೆಳಕು, ತಾಮ್ರ ಇಲ್ಲ, ಲೂಪ್ ಅಲ್ಲೇ ತುಂಡಾಗುತ್ತದೆ. ಹಾಗಾದರೆ ನಿಮಗೆ ಬೇಕಿರುವುದು ಯುಎಸ್‌ಬಿ, ಆಪ್ಟಿಕಲ್, ಕೋಆಕ್ಸಿಯಲ್ ಮೂರೂ ಒಳಗೆ ತಗೊಳ್ಳುವ ಡ್ಯಾಕ್. ಎಸ್‌ಎಂಎಸ್‌ಎಲ್ ಎಸ್‌ಯು-1 ಅಂಥದ್ದು. ನಾನಾದರೆ ಅದನ್ನೇ ತಗೊಳ್ಳುತ್ತಿದ್ದೆ. ಫಿಯೊ ಡಿ03ಕೆ ಇನ್ನೂ ಅಗ್ಗ, ಆದರೆ ಅದಕ್ಕೆ ಯುಎಸ್‌ಬಿ ಆಡಿಯೊ ಬರಲ್ಲ. ಟಾಪಿಂಗ್ ಡಿ10ಎಸ್ ಹಿಂದೆ ಆಪ್ಟಿಕಲ್ ತೂತು ಕಾಣುತ್ತದೆ, ಅದು ಔಟ್‌ಪುಟ್! ಫೋಟೊ ನೋಡಿ ಆರ್ಡರ್ ಮಾಡಿಬಿಡಬೇಡಿ.

ಬಂದ ಮೇಲೆ ಫೋನೊಗೆ ಚುಚ್ಚಬೇಡಿ, ಆಕ್ಸ್‌ಗೆ ಹಾಕಿ. ಫೋನೊ ಇರುವುದು ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್‌ಗೆ. ಡ್ಯಾಕಿನ ಎರಡು ವೋಲ್ಟ್ ಅಲ್ಲಿ ಕೊಟ್ಟರೆ ಬರೀ ಗೊರಗೊರ. ಟಿವಿ, ಡಿವಿಡಿ ಎರಡರಲ್ಲೂ ಡಿಜಿಟಲ್ ಔಟ್ ಪಿಸಿಎಂಗೆ (ಮಾಮೂಲಿ ಸ್ಟೀರಿಯೊ) ಇಡಿ. ಡಾಲ್ಬಿಯಲ್ಲಿ ಬಿಟ್ಟರೆ ಈ ಡ್ಯಾಕ್‌ಗಳಿಗೆ ಅರ್ಥವಾಗಲ್ಲ, ಸದ್ದೇ ಬರಲ್ಲ.

ಕಡಲಕಿವಿ:
ಲ್ಯಾಪ್‌ಟಾಪಿಗೆ ಮಾತ್ರ ಸಾಕು ಅಂದರೆ ಆಪಲ್‌ನ ಯುಎಸ್‌ಬಿ-ಸಿ ಹೆಡ್‌ಫೋನ್ ಡಾಂಗಲ್ ಇದೆ, ಸಾವಿರ ರೂಪಾಯಿ ಆಸುಪಾಸು. ಅದರೊಳಗಿರುವುದೂ ಡ್ಯಾಕೇ, ಬೆಲೆಗೆ ಮೀರಿ ಚೆನ್ನಾಗಿದೆ. ಒಂದು ವೋಲ್ಟ್ ಕೊಡುತ್ತದೆ, ಆಂಪ್ ಗುಂಡಿ ಸ್ವಲ್ಪ ಜಾಸ್ತಿ ತಿರುಗಿಸಬೇಕು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಸದ್ದು ತೀರಾ ಕಮ್ಮಿ.

ತುಂಗಾತೀರ:
ಮಾಮ, ಕೇಬಲ್ ವೈರ್ ಬಿಚ್ಚಿದೆ, ಗುಂಯ್ ಹೆಚ್ಚುಕಮ್ಮಿ ನಿಂತೇ ಹೋಯಿತು. ಚಿರ್ ಚಿರ್ ಹಾಗೇ ಇದೆ, ನೀವು ಹೇಳಿದ ಹಾಗೆ. ಎಸ್‌ಯು-1 ಹಾಕೋಣ ಅಂತಿದ್ದೇನೆ. ಕೊನೇ ಪ್ರಶ್ನೆ: ಟಿವಿ ರಿಮೋಟಿನಲ್ಲಿ ವಾಲ್ಯೂಮ್ ಕೆಲಸ ಮಾಡುತ್ತದಾ? ಅಮ್ಮ ಸಂಜೆ ಧಾರಾವಾಹಿ ನೋಡುತ್ತಾರೆ.

ರಿಪೇರಿ_ಮಾಮ, ಮೈಸೂರು:
ಆಪ್ಟಿಕಲ್‌ನಲ್ಲಿ ಬಹಳಷ್ಟು ಟಿವಿಗಳು ಒಂದೇ ಮಟ್ಟದಲ್ಲಿ ಕಳಿಸುತ್ತವೆ, ರಿಮೋಟ್ ಒತ್ತಿದರೂ ಬದಲಾಗಲ್ಲ. ಎಸ್‌ಯು-1ಕ್ಕೆ ಅದರದ್ದೇ ರಿಮೋಟೂ ಇಲ್ಲ. ಟಾಪಿಂಗ್ ಇ30 ಎರಡನೇ ಆವೃತ್ತಿಗೆ ರಿಮೋಟ್ ಇದೆ, ಬಜೆಟ್ ದಾಟುತ್ತದೆ. ಧಾರಾವಾಹಿಗೆ ಟಿವಿಯ ಸ್ಪೀಕರೇ ಸಾಕು, ಆಂಪ್ ಆಫ್ ಮಾಡಿಡಿ. ಎಷ್ಟೋ ಟಿವಿಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಔಟ್‌ಪುಟ್ ಬದಲಾಯಿಸಬೇಕಾಗುತ್ತದೆ, ಅದನ್ನು ಅಮ್ಮನಿಗೆ ಒಮ್ಮೆ ತೋರಿಸಿಕೊಡಿ.