ಹೊಸ ಮನೆ, ಮೊದಲ ಮಳೆಗಾಲ: ಗಾಳಿಮಳೆಗೆ ಮಾತ್ರ ನೀರು ಒಳಬರುತ್ತಿದೆ

ಪ್ರಶ್ನೆ (ಕಾಪುವಿನ ಮನೆಯವರು)

ಮಾನ್ಯರೇ, ಕಾಪುವಿನ ಹತ್ತಿರ, ಕಡಲಿನಿಂದ ಒಂದು ಕಿಲೋಮೀಟರ್ ಒಳಗೇ ನಮ್ಮ ಮನೆ. ಗೃಹಪ್ರವೇಶವಾದದ್ದು ಈ ಫೆಬ್ರವರಿಯಲ್ಲಿ. ಗೋಡೆ ಕೆಂಪುಕಲ್ಲಿನದು, ಹೊರಗೆ ಸಿಮೆಂಟಿನ ಸಾರಣೆ, ಮೇಲೆ ಕಾಂಕ್ರೀಟ್ ತಾರಸಿ. ಜೂನ್ ಮೊದಲ ವಾರ ಧಾರಾಕಾರ ಮಳೆ ಸುರಿದರೂ ಒಂದು ಹನಿ ಒಳಬರಲಿಲ್ಲ. ಮೂರನೆಯ ವಾರ ಪಡುಗಾಳಿ ಎದ್ದ ರಾತ್ರಿ ಮಾತ್ರ ಮಲಗುವ ಕೋಣೆಯ ಕಿಟಕಿಯ ಬುಡದಿಂದ ನೀರಿಳಿದು, ಬೆಳಗಾಗುವಷ್ಟರಲ್ಲಿ ಮಂಚದ ಕಾಲಿನವರೆಗೂ ಹರಡಿತ್ತು. ಕಿಟಕಿಯ ಮೇಲಿನ ಮೂಲೆಯಲ್ಲಿ ಬಣ್ಣ ಗುಳ್ಳೆಯೆದ್ದಿದೆ, ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತದೆ. ಪಕ್ಕದ ಸ್ವಿಚ್ ಬೋರ್ಡಿನ ಅಂಚೂ ತೇವವಾಗಿದೆ. ಗುತ್ತಿಗೆದಾರರು ತಾರಸಿಗೆ ಶೀಟು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ, ಅದರ ಖರ್ಚು ನಮ್ಮದಂತೆ. ಅವರಿಗೆ ಕೊನೆಯ ಕಂತು ಕೊಡುವುದು ಬಾಕಿಯಿದೆ. ಶೀಟು ಹಾಕಿಸುವುದೇ ಪರಿಹಾರವೇ?

ಉತ್ತರ 1 (ಸಿವಿಲ್ ಎಂಜಿನಿಯರ್)

ಉಳಿದೆಲ್ಲಕ್ಕಿಂತ ಮೊದಲು ಆ ಬೋರ್ಡಿನ ಎಂಸಿಬಿ (ವಿದ್ಯುತ್ ಕಡಿಯುವ ಸ್ವಿಚ್ಚು) ಇಳಿಸಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ಅದನ್ನು ಮುಟ್ಟಬೇಡಿ.

ನಿಮ್ಮ ಬರಹದಲ್ಲೇ ಅರ್ಧ ಉತ್ತರವಿದೆ. ತಾರಸಿ ಸೋರುವುದಾದರೆ ಗಾಳಿಯಿಲ್ಲದ ಮಳೆಗೂ ಸೋರಬೇಕಿತ್ತು. ಗಾಳಿ ಬೀಸಿದಾಗ ಮಾತ್ರ ನೀರು ಬರುವುದೆಂದರೆ ಅದು ಪಕ್ಕದಿಂದ ನುಗ್ಗುತ್ತಿದೆ. ಸ್ಲೈಡಿಂಗ್ ಕಿಟಕಿಯಾಗಿದ್ದರೆ ಕೆಳಗಿನ ಟ್ರ್ಯಾಕಿನ ಹೊರಮುಖದಲ್ಲಿ ಸಣ್ಣ ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ನೀರು ಹೊರಹೋಗಲೆಂದೇ ಇಟ್ಟ ಆ ತೂತುಗಳಿಗೆ ಸಾರಣೆಯವರು ಸಿಮೆಂಟ್ ಮೆತ್ತಿಬಿಟ್ಟರೆ ಟ್ರ್ಯಾಕು ತುಂಬಿ ಒಳಗೆ ಚೆಲ್ಲುತ್ತದೆ. ಕಿಟಕಿಯ ಕೆಳಗಿನ ಕಲ್ಲು ಹೊರಕ್ಕೆ ವಾಲಿದೆಯೇ ಎಂಬುದನ್ನೂ ನೋಡಿ. ಮೇಲಿನ ಗುಳ್ಳೆಗೆ ಕಾರಣ ಬೇರೆ ಇರಬಹುದು: ಸಜ್ಜಾದ (ಕಿಟಕಿಯ ಮೇಲೆ ಹೊರಚಾಚಿದ ಹಲಗೆಯ) ಮೇಲ್ಮೈ ಚಪ್ಪಟೆಯಾಗಿದ್ದರೆ ಅದು ಗೋಡೆಗೆ ಸೇರುವ ಸಂದಿನಲ್ಲಿ ನೀರು ನಿಂತು ಒಳಕ್ಕೆ ಇಂಗುತ್ತದೆ.

ಮಳೆ ಬಿಟ್ಟ ದಿನ ಪೈಪಿನಿಂದ ನೀರು ಹಾಯಿಸಿ ಪರೀಕ್ಷಿಸಿ. ಮೊದಲು ಕಿಟಕಿಯ ಬುಡಕ್ಕೆ ಹತ್ತು ನಿಮಿಷ, ಅನಂತರ ಪಕ್ಕಗಳಿಗೆ, ಕೊನೆಗೆ ಸಜ್ಜಾದ ಮೇಲೆ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆಗೂ ಇಳಿದು, ಯಾವ ಸಂದು ತಪ್ಪಿತಸ್ಥ ಎಂಬುದು ತಿಳಿಯುವುದಿಲ್ಲ.

ಉತ್ತರ 2 (ಮಲ್ಪೆಯ ಹಿರಿಯರು)

ಎಂಜಿನಿಯರರ ಮಾತಿಗೆ ನನ್ನ ಒಪ್ಪಿಗೆಯಿದೆ. ನಮ್ಮ ತಂದೆಯವರ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಪಡುಗೋಡೆಗೆ ತೆಂಗಿನ ಮಡಲಿನ (ಗರಿಯ) ತಟ್ಟಿ ಕಟ್ಟುತ್ತಿದ್ದರು. ಕೆಂಪುಕಲ್ಲು ನೀರು ಕುಡಿಯುತ್ತದೆಂದು ಅವರಿಗೆ ಗೊತ್ತಿತ್ತು. ಈಗಿನವರು ಗೋಡೆಯನ್ನು ಗಾಳಿಗೆ ಬಿಟ್ಟು ತಾರಸಿಗೆ ಶೀಟು ಹೊದಿಸುತ್ತಾರೆ. ಶೀಟು ಕೆಟ್ಟದ್ದೇನಲ್ಲ, ಆದರೆ ಅದು ನಿಮ್ಮ ಕಿಟಕಿಯನ್ನು ಕಾಯುವುದಿಲ್ಲ. ಇನ್ನೊಂದು ಮಾತು, ಗೋಡೆ ಹಸಿಯಿರುವಾಗ ಬಣ್ಣವನ್ನಾಗಲಿ ಪುಟ್ಟಿಯನ್ನಾಗಲಿ ಹಚ್ಚಿಸಬೇಡಿ. ದೀಪಾವಳಿ ಕಳೆದು ಗೋಡೆ ಒಣಗಲಿ.

ಉತ್ತರ 3 (ವಕೀಲರು)

ಬಿಲ್ಡರ್‌ನಿಂದ ಕೊಂಡ ಮನೆಯಾಗಿದ್ದು, ಆ ಯೋಜನೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದರೆ, ಸ್ವಾಧೀನದ ದಿನದಿಂದ 5 ವರ್ಷದೊಳಗೆ ತಿಳಿಸಿದ ಕಟ್ಟಡದ ಹಾಗೂ ಕೆಲಸಗಾರಿಕೆಯ ದೋಷಗಳನ್ನು ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕಿತ್ತು. ಸ್ವಂತ ಜಾಗದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದವರಿಗೆ ಆ ದಾರಿಯಿಲ್ಲ. ಅವರಿಗಿರುವುದು ಕರಾರುಪತ್ರ ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರಡಿ ವ್ಯಾಜ್ಯದ ಕಾರಣ ಉಂಟಾದ 2 ವರ್ಷದೊಳಗೆ ದೂರು ಕೊಡಬೇಕು. ಕೊನೆಯ ಕಂತನ್ನು ಸುಮ್ಮನೆ ತಡೆಹಿಡಿಯುವ ಬದಲು, ದೋಷಗಳನ್ನು ಒಂದೊಂದಾಗಿ ಬರೆದು, ದಿನಾಂಕವಿರುವ ಚಿತ್ರಗಳೊಡನೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳುಹಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಟ್ರ್ಯಾಕಿನ ನಾಲ್ಕು ತೂತುಗಳಲ್ಲಿ ಮೂರು ಸಿಮೆಂಟಿನಿಂದ ಮುಚ್ಚಿದ್ದವು. ಹಳೆಯ ಕೊಡೆಯ ಕಡ್ಡಿಯಿಂದ ಚುಚ್ಚಿ ಬಿಡಿಸಿದೆ. ಮೊನ್ನೆಯ ಗಾಳಿಮಳೆಗೆ ನೆಲ ಒಣಗಿಯೇ ಇತ್ತು. ಸಜ್ಜಾದ ಮೇಲೆ ಪೈಪು ಹಿಡಿದಾಗ ಮಾತ್ರ ಇಪ್ಪತ್ತು ನಿಮಿಷದಲ್ಲಿ ಗುಳ್ಳೆಯ ಜಾಗ ಮತ್ತೆ ಒದ್ದೆಯಾಯಿತು. ಅದರ ವಿಡಿಯೋ ನೋಡಿದ ಮೇಲೆ ಗುತ್ತಿಗೆದಾರರು ಶೀಟಿನ ಮಾತೆತ್ತಿಲ್ಲ. ಸಜ್ಜಾಕ್ಕೆ ಇಳಿಜಾರು ಕೊಟ್ಟು ಸಂದು ಮುಚ್ಚಿಸುವುದಾಗಿ ಬರೆದುಕೊಟ್ಟಿದ್ದಾರೆ. ಅಲ್ಲಿಯವರೆಗೆ ಅದರ ಮೇಲೆ ಟಾರ್ಪಾಲು ಕಟ್ಟಿದ್ದೇವೆ.