ಕಾಮನಬಿಲ್ಲಿನ ಪ್ರಶ್ನೆಗೆ ದೊಡ್ಡಮ್ಮನ ಉದ್ದ ಉತ್ತರ

ಎಲ್ಲರಿಗೂ ವಂದನೆ. ಪುಟ್ಟಿ, ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಈಗಷ್ಟೇ ಕೇಳಿದೆ. ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಮಾತಾಡಿಬಿಡುತ್ತೇನೆ. ಉದ್ದ ಆಗುತ್ತದೆ. ಸೊಪ್ಪು ಬಿಡಿಸುತ್ತಾ ಕೇಳಿಸಿಕೋ.

ಉಳಿದವರಿಗೂ ಗೊತ್ತಾಗಲಿ ಅಂತ ಮೊದಲಿಂದ ಹೇಳುತ್ತೇನೆ. ಭಾನುವಾರ ಚರ್ಚಿನ ಸಂಡೇಸ್ಕೂಲಿನಲ್ಲಿ ಇವಳು ಬೈಬಲಿನ ನೋಹನ ಕಥೆ, ಆ ಜಲಪ್ರಳಯದ ಕಥೆ, ಹೇಳಿದ್ದಾಳೆ. ಕಾಮನಬಿಲ್ಲು ದೇವರು ಕೊಟ್ಟ ಗುರುತು ಅಂದಿದ್ದಾಳೆ. ಸೋಮವಾರ ಶಾಲೆಯಲ್ಲಿ, ನಾಲ್ಕನೇ ತರಗತಿಯಲ್ಲಿ, ಆ ಕಥೆ ಕೇಳಿದ್ದ ಒಬ್ಬ ಹುಡುಗ ಎದ್ದು ನಿಂತಿದ್ದಾನೆ. "ಮಿಸ್, ಮಳೆಹನಿಯಲ್ಲಿ ಬಿಸಿಲು ಬಿದ್ದು ಬಣ್ಣ ಬರುತ್ತೆ ಅಂತ ಅಣ್ಣನ ಪುಸ್ತಕದಲ್ಲಿದೆ. ಯಾವುದು ನಿಜ?" ಇವಳು "ಎರಡೂ ನಿಜ, ಕೂತ್ಕೋ" ಅಂದು ಪಾಠ ಮುಂದುವರಿಸಿದ್ದಾಳೆ. ಆಮೇಲೆ ನಿದ್ದೆ ಬಂದಿಲ್ಲ. ಅದಕ್ಕೆ ಭಾವ, ನೀವು ಉತ್ತರ ಹಾಕಿದ್ದೀರಿ: ದೇವರ ವಾಕ್ಯ ಮೊದಲು, ವಿಜ್ಞಾನ ಆಮೇಲೆ, ಮಕ್ಕಳಿಗೆ ಭೂಮಿಯ ವಯಸ್ಸು ಆರು ಸಾವಿರ ವರ್ಷ ಅಂತಲೇ ಕಲಿಸಿ ಅಂತ. ಜೊತೆಗೆ ಅಮೆರಿಕದ ಒಂದು ಪಿಡಿಎಫ್ ಬೇರೆ.

ಪುಟ್ಟಿ, "ಎರಡೂ ನಿಜ" ಅಂದದ್ದು ತಪ್ಪಲ್ಲ. "ಕೂತ್ಕೋ" ಅಂದೆಯಲ್ಲ, ಅಷ್ಟೇ ತಪ್ಪು.

ನಾನೂ ಅದನ್ನೇ ಮಾಡಿದವಳು. ಕೆಲಸಕ್ಕೆ ಸೇರಿದ ಹೊಸತು. ಬೇರು ಯಾಕೆ ಕೆಳಗೇ ಹೋಗುತ್ತೆ, ಹಲ್ಲಿ ಯಾಕೆ ಗೋಡೆಯಿಂದ ಬೀಳಲ್ಲ, ಏನು ಕೇಳಿದರೂ "ದೇವರು ಹಾಗೆ ಮಾಡಿದ್ದಾನೆ" ಅನ್ನುತ್ತಿದ್ದೆ. ಭಕ್ತಿಯಿಂದ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಉತ್ತರ ಗೊತ್ತಿರಲಿಲ್ಲ, ಓದಿಕೊಂಡು ಬರಲು ಸೋಮಾರಿತನ. ಒಂದು ದಿನ ಊಟದ ಬಿಡುವಿನಲ್ಲಿ ಒಬ್ಬ ಹುಡುಗ ಕೈತೊಳೆಯುವ ನಲ್ಲಿಗೆ ಹೆಬ್ಬೆರಳು ಒತ್ತಿ ನೀರು ಚಿಮ್ಮಿಸುತ್ತಿದ್ದ. "ಟೀಚರ್, ನೋಡಿ, ಕಾಮನಬಿಲ್ಲು, ನಾನೇ ಮಾಡಿದೆ!" ನಾನು ನೋಡಲೇ ಇಲ್ಲ. ನೀರು ಹಾಳು ಮಾಡ್ತೀಯಾ ಅಂತ ಬೈದು, ಕಿವಿ ಹಿಡಿದು ಒಳಗೆ ಕಳಿಸಿದೆ. ಮೊಣಕೈವರೆಗೆ ಒದ್ದೆಯಾಗಿತ್ತು ಅವನ ಅಂಗಿ. ಆ ವರ್ಷವಿಡೀ ಆ ಹುಡುಗ ನನ್ನನ್ನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಈಗ ಎಲ್ಲಿದ್ದಾನೋ.

ಈಗ ಭಾವನವರಿಗೆ ಎರಡು ಮಾತು, ಬೇಜಾರು ಮಾಡ್ಕೋಬೇಡಿ. ಆ ಆರು ಸಾವಿರ ವರ್ಷದ ಲೆಕ್ಕ ಸತ್ಯವೇದದ, ಅಂದರೆ ಬೈಬಲಿನ, ಯಾವ ವಚನದಲ್ಲೂ ಇಲ್ಲ. 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಅನ್ನುವವರು ವಂಶಾವಳಿಗಳಲ್ಲಿರುವ ವಯಸ್ಸುಗಳನ್ನು ಕೂಡಿಸಿ, ಬೇರೆ ದೇಶಗಳ ಇತಿಹಾಸದ ಜೊತೆ ತಾಳೆ ನೋಡಿ, ಸೃಷ್ಟಿ ಆದದ್ದು ಕ್ರಿಸ್ತಪೂರ್ವ 4004ರಲ್ಲಿ ಅಂತ ಬರೆದರು. ಆಮೇಲೆ ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಅದನ್ನು ಅಚ್ಚು ಹಾಕಿದರು. ಅಂಚಿನಲ್ಲಿದ್ದದ್ದು ಜನರ ತಲೆಯಲ್ಲಿ ವಚನವೇ ಆಗಿಹೋಯಿತು. ಪಾಪ, ದೊಡ್ಡ ವಿದ್ವಾಂಸರೇ. ಆದರೆ ಅವರ ಕೂಡುವ ಲೆಕ್ಕವನ್ನು ನಾವು ನಾಲ್ಕನೇ ತರಗತಿ ಮಕ್ಕಳ ತಲೆ ಮೇಲೆ ಯಾಕೆ ಹೊರಿಸಬೇಕು?

ನಾನು ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋದಾಗ ಕೆಂಪೇಗೌಡರ ಗೋಪುರ ಇರುವ ಆ ಬಂಡೆಯ ಮೇಲೆ ಕೂರಿಸುತ್ತಿದ್ದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂವಿಜ್ಞಾನದವರ ಫಲಕವೇ ಅಲ್ಲಿದೆ. ಅಂಗೈ ಇಟ್ಟು ನೋಡಿ ಅನ್ನುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಸುಡುತ್ತಿತ್ತು, ಕಿರುಚಿಕೊಂಡು ಕೈ ತೆಗೆಯುತ್ತಿದ್ದರು. ಆ ಬಂಡೆ ನೋಡಿ ನನ್ನ ನಂಬಿಕೆ ಯಾವತ್ತೂ ಸಣ್ಣದಾಗಲಿಲ್ಲ, ಭಾವ. ದೊಡ್ಡದೇ ಆಯಿತು.

ಇದು ಈಗಿನ ಕಾಲದವರ ಮಾತು ಅಂದುಕೊಳ್ಳಬೇಡಿ. ಸಂತ ಅಗಸ್ಟೀನರು ಸುಮಾರು 1600 ವರ್ಷದ ಹಿಂದೆ, ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಬಗ್ಗೆ ಬರೆಯುವಾಗಲೇ ಎಚ್ಚರಿಸಿದ್ದಾರೆ. ಆಕಾಶ, ನಕ್ಷತ್ರ, ಪ್ರಾಣಿಗಳ ವಿಷಯ ಹೊರಗಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಕ್ರೈಸ್ತನೊಬ್ಬ ಸತ್ಯವೇದದ ಹೆಸರಲ್ಲಿ ಅಸಂಬದ್ಧ ಮಾತಾಡಿದರೆ, ಅವರು ಪುನರುತ್ಥಾನದ, ಸತ್ತವರು ಮತ್ತೆ ಎದ್ದು ಬರುವ, ಮಾತನ್ನು ಹೇಗೆ ನಂಬುತ್ತಾರೆ ಅಂತ ಕೇಳುತ್ತಾರೆ. ಬೇಕಾದರೆ ಚರ್ಚಿನ ಅಯ್ಯನವರನ್ನೇ ಕೇಳಿ ನೋಡಿ.

ಸರಿ, ಕಾಮನಬಿಲ್ಲಿಗೆ ಬರೋಣ. ನಮ್ಮ ಸತ್ಯವೇದದಲ್ಲಿ ಅದಕ್ಕೆ ಮುಗಿಲುಬಿಲ್ಲು ಅಂತ ಇದೆ, ನನಗೆ ಆ ಹೆಸರೇ ಇಷ್ಟ. ಆದಿಕಾಂಡ ಒಂಬತ್ತನ್ನು ಇನ್ನೊಮ್ಮೆ ಓದು. ಬಿಲ್ಲು ಹೇಗೆ ಆಗುತ್ತದೆ ಅಂತ ಅಲ್ಲಿ ಒಂದು ಮಾತೂ ಇಲ್ಲ. ಒಡಂಬಡಿಕೆಯ, ಅಂದರೆ ದೇವರು ಕೊಟ್ಟ ಮಾತಿನ, ಗುರುತು ಅಂತಷ್ಟೇ ಇದೆ. ನಿನ್ನ ತಾಳಿ ಎಷ್ಟು ಗ್ರಾಂ, ಎಷ್ಟು ಕ್ಯಾರೆಟ್ ಅಂತ ಅಕ್ಕಸಾಲಿಗ ತೂಗಿ ಹೇಳುತ್ತಾನೆ. ಯಾರು ಕಟ್ಟಿದ್ದು, ಯಾವ ಮಾತು ಕೊಟ್ಟು ಕಟ್ಟಿದ್ದು ಅನ್ನುವುದು ಅವನ ತಕ್ಕಡಿಯಲ್ಲಿ ಬರುವುದಿಲ್ಲ. ಹಾಗಂತ ಅಕ್ಕಸಾಲಿಗ ಸುಳ್ಳು ಹೇಳಿದ ಅಂತೀವಾ? ಆ ಹುಡುಗನಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ. ಮಕ್ಕಳಿಗೆ ನಮಗಿಂತ ಬೇಗ ಅರ್ಥವಾಗುತ್ತದೆ.

ಆದರೆ ಬರೀ ಮಾತಲ್ಲಿ ಬಿಡಬೇಡ. ಹೊರಗೆ ಕರೆದುಕೊಂಡು ಹೋಗು. ಬೆಳಿಗ್ಗೆ ಎಂಟರ ಹೊತ್ತಿಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ, ಸೂರ್ಯ ತಗ್ಗಿನಲ್ಲಿರಬೇಕು. ಬೆನ್ನಿಗೆ ಬಿಸಿಲು. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಬೆರಳು ಒತ್ತಿ ಸಣ್ಣ ಹನಿಯಾಗಿ ಚಿಮ್ಮಿಸು. ಈಗ ಪ್ರತಿ ಮಗುವೂ ತನ್ನ ತಲೆಯ ನೆರಳು ಎಲ್ಲಿದೆ ನೋಡಬೇಕು. ಕೈ ನೇರ ಚಾಚಿ, ಆ ನೆರಳಿನಿಂದ ಗೇಣು ಹಾಕಬೇಕು. ಒಂದು ಗೇಣು, ಎರಡು ಗೇಣು. ಅಲ್ಲೇ ಬಿಲ್ಲು. ಚಾಚಿದ ಕೈಯ ಒಂದು ಗೇಣು ಸುಮಾರು 20 ಡಿಗ್ರಿ, ಬಿಲ್ಲು ಇರುವುದು ಸುಮಾರು 42 ಡಿಗ್ರಿಯಲ್ಲಿ. ಮಗುವಿನ ಗೇಣು ಸಣ್ಣದು, ಕೈಯೂ ಗಿಡ್ಡ. ಹಾಗಾಗಿ ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತದೆ! ಇದು ನನಗೆ ಗೊತ್ತಾದ ದಿನ ಒಬ್ಬಳೇ ನಕ್ಕೆ.

ಆಮೇಲೆ ಅವರೇ ಕಂಡುಹಿಡಿಯುತ್ತಾರೆ ನೋಡು. ಒಂದು ಹೆಜ್ಜೆ ಸರಿದರೆ ಬಿಲ್ಲೂ ಜೊತೆಗೇ ಸರಿಯುತ್ತದೆ. ಅವಳಿಗೆ ಕಂಡದ್ದು ಇವನಿಗೆ ಕಾಣುವ ಜಾಗದಲ್ಲಿಲ್ಲ. ಒಬ್ಬೊಬ್ಬರಿಗೂ ಅವರವರದೇ ಬಿಲ್ಲು. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ಆಕಾಶದಲ್ಲಿ ಕಾಮನಬಿಲ್ಲು ಯಾಕೆ ಕಾಣಲ್ಲ ಅಂತ ಕೇಳು. ಸುಮ್ನೆ ಕೇಳಿ ಬಿಡು, ಉತ್ತರ ಹೇಳಬೇಡ. ಎರಡು ಗೇಣು ಹಾಕಿ ನೋಡಿದವರು ಮಾರನೇ ದಿನ ಬಂದು "ಮಿಸ್, ಅದು ನೆಲದ ಕೆಳಗೆ ಹೋಗಿರುತ್ತೆ" ಅನ್ನುತ್ತಾರೆ.

ಸಂಡೇಸ್ಕೂಲಿನಲ್ಲಿ ಬೇಕಾದರೆ ಒಬ್ಬ ಸನ್ಯಾಸಿಯ ಕಥೆ ಹೇಳು. ಜರ್ಮನಿಯ ಫ್ರೈಬರ್ಗ್‌ನ ಥಿಯೋಡೊರಿಕ್, ಡೊಮಿನಿಕನ್ ಮಠದವನು. 1300 ದಾಟಿದ ಹೊಸತರಲ್ಲಿ ಗುಂಡಗಿನ ಗಾಜಿನ ಪಾತ್ರೆಗೆ ನೀರು ತುಂಬಿ, ಇದೇ ಒಂದು ದೊಡ್ಡ ಮಳೆಹನಿ ಅಂದುಕೊಂಡು ಬಿಸಿಲಿಗೆ ಹಿಡಿದ. ಬೆಳಕು ಒಳಗೆ ಹೋಗುವಾಗ ಬಾಗುತ್ತದೆ, ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಹೊರಗೆ ಬರುವಾಗ ಮತ್ತೆ ಬಾಗುತ್ತದೆ ಅಂತ ಕಂಡುಕೊಂಡ. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಪರ್ಶಿಯಾದಲ್ಲಿ ಕಮಾಲುದ್ದೀನ್ ಅಲ್ ಫಾರಿಸಿ ಅನ್ನುವವರೂ ಅಂಥದ್ದೇ ಗಾಜಿನ ಗೋಳ ಹಿಡಿದು ಇದೇ ಉತ್ತರ ಕಂಡರು. ಅವರನ್ನೂ ಸೇರಿಸಿಯೇ ಹೇಳು, ಬಿಡಬೇಡ. ಥಿಯೋಡೊರಿಕ್‌ಗೆ ನೋಹನ ಕಥೆ ಬಾಯಿಪಾಠ ಬಂದಿರುತ್ತದೆ, ಅಲ್ವಾ? ಆದರೂ ಬಿಸಿಲಲ್ಲಿ ನಿಂತು ನೋಡಿದ.

ವಾರದ ದಿನದ ಕ್ಲಾಸೇ ಬೇರೆ, ಅದು ನೆನಪಿರಲಿ. ಅಲ್ಲಿ ಎಲ್ಲರ ಮನೆಯ ಮಕ್ಕಳೂ ಕೂತಿರುತ್ತಾರೆ. ಅನುದಾನದ ಶಾಲೆ, ಮನೆಯವರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧರ್ಮಬೋಧನೆಗೆ ಕೂರಿಸುವಂತಿಲ್ಲ ಅಂತ ಸಂವಿಧಾನದ 28ನೇ ವಿಧಿಯಲ್ಲೇ ಇದೆ. ವಿಜ್ಞಾನದ ಪಾಠದ ನಡುವೆ ವಚನ ತುರುಕುವುದು ಬೇಡ. ಸಂಡೇಸ್ಕೂಲಿನಲ್ಲೂ ಪ್ರತಿ ಎಲೆಗೆ, ಪ್ರತಿ ಹುಳಕ್ಕೆ ಒಂದು ವಚನ ಅಂಟಿಸಬೇಡ, ಮಕ್ಕಳಿಗೆ ಬೇಸರ ಬರುತ್ತದೆ. ಅದರ ಬದಲು ಎಲ್ಲ ನೋಡಿ ಮುಗಿದ ಮೇಲೆ 104ನೇ ಕೀರ್ತನೆ ಓದಿಸು. ಅದು ಬರೆದವನು ಕಣ್ಣುಬಿಟ್ಟು ನೋಡಿದವನು. ಬುಗ್ಗೆ, ಕಾಡುಕತ್ತೆ, ಮರದಲ್ಲಿ ಹಕ್ಕಿಗೂಡು, ರಾತ್ರಿ ಬೇಟೆಗೆ ಗರ್ಜಿಸುವ ಸಿಂಹದ ಮರಿ, ಎಲ್ಲ ಇದೆ. ಸಿಂಹ ಏನು ತಿನ್ನುತ್ತದೆ ಅನ್ನುವುದನ್ನು ಅವನು ಮುಚ್ಚಿಡಲಿಲ್ಲ. ನಮ್ಮ ಚಿತ್ರದ ಪುಸ್ತಕಗಳಲ್ಲಿ ಮಾತ್ರ ಸಿಂಹ ನಗುತ್ತಾ ಕೂತಿರುತ್ತದೆ.

ನಾಳೆ ಕ್ಲಾಸಿಗೆ ಹೋದ ತಕ್ಷಣ ಆ ಹುಡುಗನನ್ನೇ ಮೊದಲು ಎಬ್ಬಿಸು. "ನಿನ್ನ ಪ್ರಶ್ನೆಗೆ ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ, ಶನಿವಾರ ಎಲ್ಲರೂ ಸೇರಿ ನೋಡೋಣ" ಅನ್ನು. ಪೈಪು ಅವನ ಕೈಗೇ ಕೊಡು. ಅಂಗಿ ಒದ್ದೆಯಾದರೆ ಆಗಲಿ.

ಥಿಯೋಡೊರಿಕ್ ಹಿಡಿದಂಥ ಗುಂಡು ಗಾಜಿನ ಬುರುಡೆ ಒಂದು ನನ್ನ ಹತ್ತಿರ ಇದೆ, ಕಪಾಟಿನ ಕೆಳಗಿನ ಅರೆಯಲ್ಲಿ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಶುಕ್ರವಾರ ಬಂದು ತೆಗೆದುಕೊಂಡು ಹೋಗು. ನೀರು ತುಂಬಿ ಬಿಸಿಲಲ್ಲಿ ಮರೆತು ಮಾತ್ರ ಬರಬೇಡ, ಭೂತಗನ್ನಡಿ ಥರ ಸುಡುತ್ತದೆ. ನನ್ನ ಮೇಜಿನ ಬಟ್ಟೆಯಲ್ಲಿ ಇನ್ನೂ ಒಂದು ಕಪ್ಪು ತೂತು ಇದೆ.